ತೋಟಕ್ಕೆ ಹೊಸಬ: ಯಾರನ್ನಾದರೂ ಕೇಳುವ ಮುಂಚೆ ಏನು ಓದಲಿ?

ಸಕಲೇಶಪುರದಿಂದ ಬಂದ ಪ್ರಶ್ನೆ: ಅಪ್ಪನಿಗೆ ವಯಸ್ಸಾಯಿತು, ನಾಲ್ಕು ಎಕರೆ ಅರೇಬಿಕಾ ಕಾಫಿ ತೋಟ ಈಗ ನನ್ನ ಪಾಲಿಗೆ ಬಂದಿದೆ. ಗೊಬ್ಬರ ಎಷ್ಟು, ಔಷಧಿ ಯಾವಾಗ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೆಲವರು "ಮೊದಲು ಓದ್ಕೊಂಡು ಬಾ" ಅಂತ ಸಾಗಹಾಕುತ್ತಾರೆ. ಎಲ್ಲಿಂದ ಶುರು ಮಾಡಲಿ?

ಮೂಡಿಗೆರೆಯಿಂದ: ಅವರು ಹೇಳುವುದು ಅವರ ಮಣ್ಣಿನ ಲೆಕ್ಕ. ಹಾಗಾಗಿ ಪುಸ್ತಕಕ್ಕಿಂತ ಮುಂಚೆ ನಿಮ್ಮ ಮಣ್ಣು ಪರೀಕ್ಷೆ ಮಾಡಿಸಿ. ಹತ್ತಾರು ಕಡೆ ತರಗೆಲೆ ಸರಿಸಿ, ಒಂಬತ್ತು ಇಂಚು ಆಳದವರೆಗೆ ಮಣ್ಣು ತೆಗೆದು ಬೆರೆಸಿ. ಅದರಲ್ಲಿ ಅರ್ಧ ಕೆಜಿ ಕೊಟ್ಟರೆ ಸಾಕು. ಏರಿನ ಮಣ್ಣು, ತಗ್ಗಿನ ಮಣ್ಣು ಬೇರೆ ಬೇರೆ ಇರಲಿ. ಗೊಬ್ಬರ, ಸುಣ್ಣ ಹಾಕಿದ ಹೊಸದರಲ್ಲಿ ತೆಗೆಯಬೇಡಿ. ನಮ್ಮ ಕಡೆಯ ಮಳೆಗೆ ಮಣ್ಣು ಹುಳಿಯಾಗುವುದು ಜಾಸ್ತಿ. ಕಾಫಿಗೆ ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 6ರಿಂದ 6.5 ಇದ್ದರೆ ಒಳ್ಳೆಯದು. ತೀರಾ ಕಮ್ಮಿ ಇದ್ದರೆ ಹಾಕಿದ ಗೊಬ್ಬರ ಗಿಡಕ್ಕೆ ಸರಿಯಾಗಿ ಹತ್ತುವುದಿಲ್ಲ, ದುಡ್ಡು ಸುಮ್ನೆ ದಂಡ.

ಆಮೇಲೆ ಕಾಫಿ ಬೋರ್ಡಿನ ಬೇಸಾಯದ ಕೈಪಿಡಿ ನೋಡಿ. ಬಾಳೆಹೊನ್ನೂರಿನ ಹತ್ತಿರದ ಅವರ ಸಂಶೋಧನಾ ಕೇಂದ್ರ 1925ರಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ. ಇಡೀ ಪುಸ್ತಕ ಬೇಡ, ಆಯಾ ತಿಂಗಳ ಕೆಲಸವಷ್ಟೇ ಓದಿ.

ಆಲ್ದೂರಿನಿಂದ: ಮೇಲಿನ ಅಣ್ಣ ಹೇಳಿದ್ದಕ್ಕೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ಔಷಧಿಯ ವಿಷಯ ಸೇರಿಸುತ್ತೇನೆ. ಹೊಸಬರೆಲ್ಲ ಕೇಳುವುದು ಅದನ್ನೇ. ಎಲೆ ತುಕ್ಕು ರೋಗಕ್ಕೆ ಅರ್ಧ ಪರ್ಸೆಂಟ್ ಬೋರ್ಡೋ ಅಂದರೆ 200 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಿರಿ. ಉಲ್ಟಾ ಬೇಡ. ಹೊಳೆಯುವ ಚಾಕು ಅದ್ದಿ ನೋಡಿ. ಅದರ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಇನ್ನೂ ಬೇಕು. ಅವತ್ತೇ ಹೊಡೆದು ಮುಗಿಸಿ. ಇಷ್ಟಕ್ಕೆ ಯಾರನ್ನೂ ಕೇಳಬೇಕಿಲ್ಲ. ಆದರೆ ಮಳೆ ಹಿಡಿಯುವ ಮುಂಚೆ ನಿಮ್ಮ ಊರಲ್ಲಿ ಎಷ್ಟು ದಿನ ಬಿಡುವು ಸಿಗುತ್ತದೆ ಅನ್ನೋದು ಪುಸ್ತಕದಲ್ಲಿ ಸಿಗಲ್ಲ. ಅದನ್ನು ಪಕ್ಕದ ತೋಟದವರನ್ನೇ ಕೇಳಿ.

ಕಳಸದಿಂದ: ಈ "ಓದ್ಕೊಂಡು ಬಾ" ನನಗೆ ಅಷ್ಟು ಒಪ್ಪಿಗೆಯಿಲ್ಲ. ಬೋರರ್ (ಕಾಂಡ ಕೊರೆಯುವ ಹುಳ) ಬಿದ್ದ ಗಿಡವನ್ನು ಓದಿ ಗುರುತಿಸೋಕೆ ಆಗುತ್ತದಾ? ಎಲೆ ಹಳದಿ ತಿರುಗಿ ಬಾಡುತ್ತದೆ, ಕಾಂಡದ ಮೇಲೆ ಉಬ್ಬಿದ ಗೆರೆ ಏಳುತ್ತದೆ ಅಂತ ಬರೆದಿರುತ್ತಾರೆ, ಸರಿ. ಆದರೂ ಹಳೇ ಆಳೊಬ್ಬರು ಗಿಡದ ಮುಂದೆ ನಿಂತು ತೋರಿಸಿದರೇ ಕಣ್ಣಿಗೆ ಹಿಡಿಯುವುದು. ಏಪ್ರಿಲ್-ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್ ಆ ಹುಳದ ದುಂಬಿ ಹಾರುವ ಕಾಲ. ಅದಕ್ಕೆ ಮುಂಚೆಯೇ ಅಂಥ ಗಿಡ ಹುಡುಕಿ ಕಿತ್ತು ಸುಡಬೇಕು.

ಅಂದಹಾಗೆ, ಅಪ್ಪ ಮನೆಯಲ್ಲೇ ಇದ್ದಾರಲ್ವಾ? ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವ ವರ್ಷ ಎಷ್ಟು ಸೆಂಟ್, ಅಂದರೆ ಇಂಚಿನ ನೂರರಲ್ಲಿ ಎಷ್ಟು ಪಾಲು, ಬಿತ್ತು ಅಂತ ಹಳೇ ಬೆಳೆಗಾರರು ಬರೆದಿಡುವುದುಂಟು. ಕೇಳಿ ನೋಡಿ. ಗಿಡ ಯಾವ ತಳಿ, ಎಷ್ಟು ವರ್ಷದ್ದು ಅಂತಲೂ ಅವರಿಗೇ ಗೊತ್ತು. ಎಸ್.795ಗೆ ತುಕ್ಕಿನ ಕಾಟ ಜಾಸ್ತಿ, ಚಂದ್ರಗಿರಿ ಸ್ವಲ್ಪ ತಡೆದುಕೊಳ್ಳುತ್ತದೆ. ನಿಮ್ಮದು ಯಾವುದು ಅಂತ ತಿಳಿಸಿ, ಔಷಧಿ ಮಾತು ಆಮೇಲೆ ಆಡೋಣ.