ಮಳೆಗಾಲ ಮುಗಿದ ಮೇಲೆ ಡಾರ್ವಿನ್ ಆರ್ಕಿಡ್ ಎಲೆ ಸುಕ್ಕುಗಟ್ಟುತ್ತಿದೆ, ಬೇರು ಕಂದಾಗಿದೆ. ಏನು ಮಾಡಲಿ?

ಜಗಲಿ ಹೂ (ಉಡುಪಿ ಹತ್ತಿರ), ಅಕ್ಟೋಬರ್ 9

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಒಂದು ಆಂಗ್ರೇಕಮ್ ಸೆಸ್ಕ್ವಿಪೆಡಾಲೆ ಸಾಕುತ್ತಿದ್ದೇನೆ. ಮಡಗಾಸ್ಕರ್‌ನ ಡಾರ್ವಿನ್ ಆರ್ಕಿಡ್ ಅಂತಾರಲ್ಲ, ಅದೇ. ತಂದಾಗ ಅಂಗೈಯಷ್ಟಿದ್ದ ಗಿಡ, ಮೇ ತಿಂಗಳಲ್ಲಿ ಒಂಬತ್ತು ಎಲೆ ಬಿಟ್ಟು ಚೆನ್ನಾಗಿತ್ತು. ಹೂ ಇನ್ನೂ ಬಂದಿಲ್ಲ. ಕುಂಡ ಇಕ್ಕಟ್ಟಾಯಿತು ಅಂತ ಮಳೆಗೆ ಮುಂಚೆ ದೊಡ್ಡ ಪ್ಲಾಸ್ಟಿಕ್ ಕುಂಡಕ್ಕೆ ಬದಲಾಯಿಸಿದೆ. ತೆಂಗಿನ ಸಿಪ್ಪೆಯ ಚೂರು ಹಾಕಿ, ಗಿಡ ಅಲುಗಾಡಬಾರದು ಅಂತ ಮೇಲಿನಿಂದ ನಾರಿನ ಪುಡಿ ಒತ್ತಿ ತುಂಬಿದ್ದೆ. ಜಗಲಿ ಅಂಚಿನಲ್ಲಿ, ಮಳೆ ಬೀಳುವಲ್ಲೇ ಇತ್ತು.

ಆಗಸ್ಟ್‌ನಲ್ಲಿ ಕೆಳಗಿನ ಎರಡು ಎಲೆ ಹಳದಿಯಾಗಿ ಉದುರಿದವು. ಈಗ ಉಳಿದವುಗಳಲ್ಲೂ ಬಿಗಿ ಇಲ್ಲ, ಉದ್ದಕ್ಕೆ ಸುಕ್ಕು ಬಿದ್ದಿದೆ. ನೀರು ಸಾಲುತ್ತಿಲ್ಲ ಅಂದುಕೊಂಡು ದಿನಕ್ಕೆ ಎರಡು ಸಲ ಹಾಕಿದೆ. ಇನ್ನೂ ಜಾಸ್ತಿಯಾಯಿತು. ಅರ್ಥವಾಗದ ವಿಷಯ ಏನೆಂದರೆ, ಇದು ಮಡಗಾಸ್ಕರ್‌ನ ಪೂರ್ವ ಕರಾವಳಿಯ ಗಿಡ, ಅಲ್ಲಿ ವರ್ಷದ ಹೆಚ್ಚಿನ ತಿಂಗಳು ಮಳೆ. ಹಾಗಿದ್ದ ಮೇಲೆ ನಮ್ಮ ಮಳೆ ಯಾಕೆ ಆಗಿಬರಲಿಲ್ಲ? ದಯವಿಟ್ಟು ಹೇಳಿ, ಈ ಗಿಡ ಕಳೆದುಕೊಳ್ಳಲು ಮನಸ್ಸಿಲ್ಲ.

ಹಿತ್ತಿಲ ಮನೆ, ಅಕ್ಟೋಬರ್ 9

ಬೂಷ್ಟು ಇರಬೇಕು. ಔಷಧ ಸಿಂಪಡಿಸಿ, ವಾರಕ್ಕೊಮ್ಮೆ 19:19:19 ಗೊಬ್ಬರ ಕೊಡಿ. ನನ್ನ ಡೆಂಡ್ರೋಬಿಯಂ ಆರ್ಕಿಡ್ ಅದರಲ್ಲೇ ಚೇತರಿಸಿಕೊಂಡಿತು.

ತೂಗುಬುಟ್ಟಿ (ಶಿರಸಿ), ಅಕ್ಟೋಬರ್ 10

ಸದ್ಯಕ್ಕೆ ಗೊಬ್ಬರ ಬೇಡ. ಹಿತ್ತಿಲ ಮನೆಯವರ ಡೆಂಡ್ರೋಬಿಯಂಗೆ ನೀರು ಕೂಡಿಟ್ಟುಕೊಳ್ಳುವ ದಪ್ಪ ಕಾಂಡ ಇದೆ. ಆಂಗ್ರೇಕಮ್‌ಗೆ ಅದಿಲ್ಲ. ಒಂದೇ ಕಾಂಡ, ಒಂದೇ ಸುಳಿ. ಎಲೆ ಬಿಟ್ಟರೆ ಉಳಿದದ್ದೆಲ್ಲ ಬೇರಿನ ಮೇಲೆ. ಬೇರು ಸತ್ತಾಗ ಗೊಬ್ಬರ ಕೊಟ್ಟರೆ ಉಪ್ಪು ಅಲ್ಲೇ ಕೂತು ಉಳಿದದ್ದನ್ನೂ ಸುಡುತ್ತದೆ.

ಫೋಟೋ ನೋಡಿದೆ. ಎಲೆ ಬಾಯಾರಿದೆ, ನಿಜ. ಆದರೆ ನೀರಿಲ್ಲದೆ ಅಲ್ಲ, ನೀರು ಕುಡಿಯುವ ಬೇರಿಲ್ಲದೆ. ನೀವು ಹೆಚ್ಚು ಹಾಕಿದಷ್ಟೂ ಬೇರು ಕೊಳೆಯಿತು, ಬೇರು ಕೊಳೆತಷ್ಟೂ ಎಲೆ ಬಾಡಿತು. ನನ್ನ ಮೊದಲ ಗಿಡ ಹೋದದ್ದೂ ಹೀಗೆಯೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮಳೆಯ ಪ್ರಶ್ನೆ ಸರಿಯಾಗಿ ಕೇಳಿದ್ದೀರಿ. ಇದು ಅಲ್ಲಿ ಸಮುದ್ರಕ್ಕೆ ಹತ್ತಿರದ ತಗ್ಗಿನ ಕಾಡಿನ ಗಿಡ. ಎಲೆ ವಿರಳವಾಗಿರುವ ಮರಗಳ ಕಾಂಡ, ಕೊಂಬೆ, ಕೆಲವು ಕಡೆ ಬಂಡೆಯ ಮೇಲೂ ಬೆಳೆಯುತ್ತದೆ. ಬೇರು ತೊಗಟೆ ಹಿಡಿದು ಬಯಲಲ್ಲೇ ಮೀಟರ್‌ಗಟ್ಟಲೆ ಓಡುತ್ತದೆ. ಜೋರು ಮಳೆ ಬರುತ್ತದೆ, ನಿಂತ ಮೇಲೆ ಗಾಳಿಗೆ ಬೇರು ಬೇಗ ಆರುತ್ತದೆ. ಅಂದರೆ ಎಷ್ಟು ನೀರು ಬಿತ್ತು ಅನ್ನುವುದಕ್ಕಿಂತ ಎಷ್ಟು ಹೊತ್ತು ಬೇರು ಒದ್ದೆಯಾಗೇ ಉಳಿಯಿತು ಅನ್ನುವುದು ಮುಖ್ಯ. ನಿಮ್ಮ ನಾರಿನ ಪುಡಿ ಜೂನ್‌ನಿಂದ ಒಂದು ದಿನವೂ ಒಣಗಿರಲಿಕ್ಕಿಲ್ಲ. ಕೊಂದದ್ದು ಮಳೆಯಲ್ಲ, ಕುಂಡ.

ಈಗ ಮಾಡಬೇಕಾದದ್ದು ಹೇಳುತ್ತೇನೆ. ಗಿಡವನ್ನು ಎಳೆದು ತೆಗೆಯಬೇಡಿ. ಕುಂಡವನ್ನೇ ಕತ್ತರಿಸಿ ಬಿಡಿಸಿ. ಬೇರುಗಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಿದ್ದರೆ ಬದುಕಿದೆ, ಬಣ್ಣ ಕಂದಾಗಿದ್ದರೂ ಸರಿ. ಸಿಪ್ಪೆಯ ಕಲೆ ಬೇರಿಗೆ ಹತ್ತುವುದುಂಟು. ಕೊಳೆತ ಬೇರಾದರೆ ಹೊರಗಿನ ಪದರ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬರುತ್ತದೆ. ಅದನ್ನಷ್ಟೇ ಬೆಂಕಿಗೆ ಹಿಡಿದು ಆರಿಸಿದ ಕತ್ತರಿಯಲ್ಲಿ ತೆಗೆಯಿರಿ. ಕತ್ತರಿಸಿದ ತುದಿಗೆ ಚಕ್ಕೆ ಪುಡಿ ಸವರಿ. ಒಳ್ಳೆಯ ಬೇರಿಗೆ ತಾಗಿಸಬೇಡಿ, ಅದನ್ನೂ ಒಣಗಿಸುತ್ತದೆ. ಗಟ್ಟಿ ಬೇರನ್ನು "ಸ್ವಲ್ಪ ಚೊಕ್ಕ ಮಾಡೋಣ" ಅಂತ ಮುಟ್ಟಲೇಬೇಡಿ. ಬೇರು ಕೆದಕಿದರೆ ವರ್ಷಗಟ್ಟಲೆ ಮುನಿಸಿಕೊಳ್ಳುವ ಗಿಡ ಇದು.

ಒಂದು ದಿನ ನೆರಳಲ್ಲಿ ಆರಲಿ. ಆಮೇಲೆ ಪಟ್ಟಿಗಳ ನಡುವೆ ಬೆರಳು ತೂರುವಷ್ಟು ಸಂದಿಯಿರುವ ಮರದ ಬುಟ್ಟಿಯಲ್ಲಿ ಕೂರಿಸಿ. ಒಳಗೆ ನಿಂಬೆಗಾತ್ರದ ಇದ್ದಿಲು, ಹಳೆ ಹೆಂಚಿನ ಚೂರು, ಅಷ್ಟೇ. ಅಲುಗಾಡದ ಹಾಗೆ ಹತ್ತಿ ದಾರದಲ್ಲಿ ಕಾಂಡವನ್ನು ಬುಟ್ಟಿಗೆ ಕಟ್ಟಿ. ಬಿಸಿಲು ಸೋಸಿ ಬೀಳುವ, ಗಾಳಿ ಆಡುವ ಕಡೆ ತೂಗುಹಾಕಿ. ನೀರು ಬೆಳಿಗ್ಗೆ ಒಂದೇ ಸಲ. ಒಣಗಿದ ಬೇರು ಬೆಳ್ಳಗೆ ಕಾಣುತ್ತದೆ, ನೀರು ಬಿದ್ದ ಕೂಡಲೇ ಹಸಿರಾಗುತ್ತದೆ. ಹಸಿರಾದರೆ ಸಾಕು, ನಿಲ್ಲಿಸಿ. ಮತ್ತೆ ಬಿಳಿಯಾಗುವವರೆಗೆ ಕೈ ಕಟ್ಟಿ ಕೂರಬೇಕು. ಸುಳಿಯಲ್ಲಿ ನೀರು ನಿಲ್ಲದಂತೆ ಗಿಡ ಸ್ವಲ್ಪ ವಾಲಿರಲಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಹಿಡಿದಿಟ್ಟ ಮಳೆನೀರು ಬಳಸಿ.

ಜಗಲಿ ಹೂ, ಅಕ್ಟೋಬರ್ 12

ತುಂಬಾ ಉಪಕಾರ ಅಕ್ಕ. ಹದಿಮೂರು ಬೇರಲ್ಲಿ ನಾಲ್ಕು ಗಟ್ಟಿ ಇದ್ದವು. ಕುಂಡದ ನಡುವಿನ ಸಿಪ್ಪೆ ಹಿಂಡಿದರೆ ಕಪ್ಪು ನೀರು, ಕೊಟ್ಟಿಗೆ ಚರಂಡಿಯ ವಾಸನೆ. ಬದುಕಿದ ನಾಲ್ಕೂ ಕುಂಡದ ಹೊರಗೆ ಇಳಿಬಿದ್ದಿದ್ದವು! ಈ ಸಲ ಹೂವಿನ ಆಸೆ ಬಿಡಬೇಕೇ? ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಅಂತ ಓದಿದ್ದೆ.

ತೂಗುಬುಟ್ಟಿ, ಅಕ್ಟೋಬರ್ 12

ಹೊರಗಿನವೇ ಬದುಕಿದ್ದು ನೋಡಿ, ಗಿಡವೇ ಉತ್ತರ ಹೇಳಿಬಿಟ್ಟಿದೆ. ಜೂನ್ ಅಂದರೆ ಅವರಿಗೆ ಚಳಿಗಾಲ. ಭೂಮಧ್ಯರೇಖೆಯ ಈಚೆ ಬೆಳೆದ ಗಿಡ ನಮ್ಮ ಚಳಿಗಾಲಕ್ಕೆ ಹೊಂದಿಕೊಳ್ಳುತ್ತದೆ, ಡಿಸೆಂಬರ್, ಜನವರಿ ಸುಮಾರಿಗೆ ಬಿಡುತ್ತದೆ. ಆದರೆ ಈ ವರ್ಷ, ಬಹುಶಃ ಮುಂದಿನ ವರ್ಷವೂ ಹೂ ಬೇಡ. ಮೊಗ್ಗಿನ ಕಡ್ಡಿ ಬಂದರೂ ಚಿವುಟಿಬಿಡಿ. ಕಷ್ಟ ಅಂತ ಗೊತ್ತು.

ಮಹಡಿ ಕೈತೋಟ (ಬೆಂಗಳೂರು), ಅಕ್ಟೋಬರ್ 15

ನನ್ನದು ಕಳೆದ ಜನವರಿಯಲ್ಲಿ ಎರಡು ಹೂ ಬಿಟ್ಟಿತ್ತು. ಹಸಿರು ಬಣ್ಣಕ್ಕೆ ಅರಳಿ ಆಮೇಲೆ ಮೇಣದಂಥ ಬಿಳಿ. ರಾತ್ರಿ ಮಹಡಿಯೆಲ್ಲ ಘಮ. ಕಾಯಿ ಮಾತ್ರ ಕಟ್ಟಲಿಲ್ಲ. ಯಾಕೆ?

ತೂಗುಬುಟ್ಟಿ, ಅಕ್ಟೋಬರ್ 15

ಹೂವಿನ ಹಿಂದೆ ಜೋತುಬಿದ್ದ ಒಂದಡಿ ಕೊಳವೆ ನೋಡಿದ್ದೀರಲ್ಲ, ಮಕರಂದ ಅದರ ತಳದಲ್ಲಷ್ಟೇ ಇರುತ್ತದೆ. 1862ರಲ್ಲಿ ಡಾರ್ವಿನ್ ಈ ಹೂ ನೋಡಿ, ಅಷ್ಟುದ್ದ ಸೊಂಡಿಲಿನ ಪತಂಗ ಮಡಗಾಸ್ಕರ್‌ನಲ್ಲಿ ಇರಲೇಬೇಕು ಎಂದರು. ಅಲ್ಲಿಯ ಅಂಥ ಪತಂಗವನ್ನು ವಿವರಿಸಿ "ಪ್ರೆಡಿಕ್ಟಾ" (ಮೊದಲೇ ಊಹಿಸಿದ್ದು) ಎಂದು ಹೆಸರಿಟ್ಟದ್ದು 1903ರಲ್ಲಿ, ಡಾರ್ವಿನ್ ತೀರಿಕೊಂಡು 21 ವರ್ಷದ ಮೇಲೆ. ಆ ಪತಂಗ ನಿಮ್ಮ ಮಹಡಿಗೆ ಬರುವುದಿಲ್ಲ. ಕಡ್ಡಿಯಿಂದ ನಾವೇ ಪರಾಗ ಮುಟ್ಟಿಸಬಹುದು, ಆದರೆ ಕಾಯಿ ಗಿಡದ ಶಕ್ತಿ ಹೀರುತ್ತದೆ. ಬೀಜವೂ ಧೂಳಿನಷ್ಟು ಸಣ್ಣದು, ಒಳಗೆ ಆಹಾರವೇ ಇಲ್ಲ. ಕಾಡಿನಲ್ಲಿ ಶಿಲೀಂಧ್ರದ ನೆರವು ಬೇಕು, ಇಲ್ಲಿ ಪ್ರಯೋಗಾಲಯದ ಬಾಟಲಿ ಬೇಕು.

ಅದಕ್ಕೇ ಕೊಳ್ಳುವಾಗ ಬಾಟಲಿಯಲ್ಲಿ ಬೆಳೆಸಿದ ಸಸಿಯೇ ಅಂತ ಕೇಳಿ. ಕಾಡಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಈ ಗಿಡ ಇದೆ, ಹೊರದೇಶದಿಂದ ಬಂದಿದ್ದರೆ ಕಾಗದಪತ್ರ ಇರಲೇಬೇಕು. ಕಾಡಿನ ಮರದಿಂದ ಕಿತ್ತದ್ದನ್ನು, ಅದು ಮಡಗಾಸ್ಕರ್‌ನದಾಗಲಿ ನಮ್ಮ ಘಟ್ಟದ ಸೀತಾಳೆ ದಂಡೆಯಾಗಲಿ, ದಯವಿಟ್ಟು ಯಾರೂ ಕೊಳ್ಳಬೇಡಿ.

ಜಗಲಿ ಹೂ, ಮಾರ್ಚ್ 2

ಅಕ್ಕ, ಇನ್ನೆರಡು ಎಲೆ ಹೋದವು, ಐದು ಉಳಿದಿವೆ. ಸುಕ್ಕು ಪೂರ್ತಿ ಹೋಗಿಲ್ಲ, ಆದರೆ ಹೆಚ್ಚಾಗಿಲ್ಲ. ಇವತ್ತು ಬೆಳಿಗ್ಗೆ ನೀರು ಹಾಕುವಾಗ ಕಂಡಿತು: ಕೆಳಗಿನ ಎಲೆಯ ಬುಡ ಸೀಳಿಕೊಂಡು ಕಡಲೆಕಾಳಿನಷ್ಟು ದಪ್ಪದ ಹಸಿರು ತುದಿ ಹೊರಗೆ ಬಂದಿದೆ. ಇನ್ನೊಂದು ಅದರ ಎದುರು ಬದಿಯಲ್ಲಿ. ಈಗಲಾದರೂ ಗೊಬ್ಬರ ಕೊಡಲೇ?

ತೂಗುಬುಟ್ಟಿ, ಮಾರ್ಚ್ 2

ಓದಿ ಜೀವಕ್ಕೆ ಸಮಾಧಾನವಾಯಿತು. ಎರಡು ಅಂಗುಲ ಉದ್ದವಾಗಲಿ. ಆಮೇಲೆ ಪೊಟ್ಟಣದ ಮೇಲೆ ಬರೆದದ್ದರ ಕಾಲು ಭಾಗ, ಹದಿನೈದು ದಿನಕ್ಕೊಮ್ಮೆ, ಬೇರು ಒದ್ದೆ ಮಾಡಿದ ಮೇಲೆ. ಜೂನ್ ಬರುವ ಮುಂಚೆ ಬುಟ್ಟಿಯನ್ನು ಮಾಡಿನ ಒಳಗೆ ಸರಿಸಿ, ಗಾಳಿ ಮಾತ್ರ ತಪ್ಪಿಸಬೇಡಿ.