ಕೋಲ್ಮಾರ್ ವೈನ್ ಮೇಳ: ನಾಲಿಗೆ ಮಂಕಾಗದಂತೆ ರುಚಿ ನೋಡುವ ಕ್ರಮ ಯಾವುದು?

ಬಳ್ಳಿಮನೆ: ಬೇಸಿಗೆಯಲ್ಲಿ ಫ್ರಾನ್ಸಿನ ಕೋಲ್ಮಾರ್‌ನ ಅಲ್ಸಾಸ್ ಪ್ರಾಂತ್ಯದ ವೈನ್ ಮೇಳಕ್ಕೆ ಹೋಗುವ ಯೋಚನೆಯಿದೆ. ಏಳೆಂಟು ವೈನ್ ಆದಮೇಲೆ ಎಲ್ಲವೂ ಒಂದೇ ತರಹ ಅನ್ನಿಸದಂತೆ ಯಾವುದರ ನಂತರ ಯಾವುದನ್ನು ನೋಡಬೇಕು? ಬಾಟಲಿಯ ಮೇಲೆ ಗ್ರಾಂ ಕ್ರು ಅಂತಿದ್ದರೆ ಅದು ಸಿಹಿಯೋ ಅಲ್ಲವೋ?

ಓಕ್‌ಪೀಪಾಯಿ: ಮೊದಲು ನೊರೆಯುಕ್ಕುವ ಕ್ರೆಮಾಂ, ಆಮೇಲೆ ದ್ರಾಕ್ಷಿ ತಳಿಗಳ ಹೆಸರಿನ ವೈನುಗಳು ಈ ಕ್ರಮದಲ್ಲಿ: ಸಿಲ್ವನೇರ್, ಪಿನೋ ಬ್ಲಾಂ, ಸಿಹಿಯಿಲ್ಲದ ರೀಸ್ಲಿಂಗ್, ಪಿನೋ ನ್ವಾರ್, ಪಿನೋ ಗ್ರಿ, ಕೊನೆಗೆ ಗೆವುರ್ಜ್‌ಟ್ರಮಿನರ್. ತಡವಾಗಿ ಕೊಯ್ದ ಹಣ್ಣಿನ ವಾಂಡಾಂಜ್ ತಾರ್ದೀವ್ ಇವೆಲ್ಲದರ ನಂತರವೇ. ಸಿಹಿ ವೈನ್ ಆದಮೇಲೆ ರೀಸ್ಲಿಂಗ್ ಕುಡಿದರೆ ಬರೀ ಹುಳಿ ಅನ್ನಿಸುತ್ತದೆ. ತಪ್ಪು ವೈನಿನದಲ್ಲ, ಸರದಿಯದು.

ತೊಡಕೇನೆಂದರೆ ಪ್ರತಿ ಮಳಿಗೆಯವರೂ ತಮ್ಮಲ್ಲಿರುವುದನ್ನೆಲ್ಲ ಸಾಲಾಗಿ ಸುರಿದು ಕೊಡುತ್ತಾರೆ. ಹಾಗಾಗಿ ಎರಡು ಸುತ್ತು ಹಾಕಿ. ಮೊದಲ ಸುತ್ತಿನಲ್ಲಿ ನಾಲ್ಕೈದು ಮಳಿಗೆಗಳಲ್ಲಿ ಒಂದೇ ವರ್ಷದ ರೀಸ್ಲಿಂಗ್ ಮಾತ್ರ ಕೇಳಿ. ಸಿಕ್ಕರೆ ಗ್ರಾನೈಟ್ ನೆಲದ ಶ್ಲಾಸ್‌ಬರ್ಗ್, ಜ್ವಾಲಾಮುಖಿ ಶಿಲೆಯ ರಾಂಗೆನ್, ಈ ಎರಡೂ ತೋಟಗಳ ರೀಸ್ಲಿಂಗ್ ನೋಡಿ. ನೆಲ ಬದಲಾದರೆ ವೈನ್ ಎಷ್ಟು ಬದಲಾಗುತ್ತದೆ ಅನ್ನುವುದು ಆಗಲೇ ತಿಳಿಯುವುದು. ಸಿಹಿ ಎರಡನೇ ಸುತ್ತಿಗಿರಲಿ.

ರುಚಿಪುಟ: ಉಗುಳುವುದಕ್ಕೆ ಸಂಕೋಚ ಬೇಡ, ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ. ಒಂದು ಸಲಕ್ಕೆ 3 ಸೆಂಟಿಲೀಟರ್ ಎಂದು ಹಿಡಿದರೂ 20 ವೈನ್ ನುಂಗಿದರೆ ಮುಕ್ಕಾಲು ಬಾಟಲಿಗಿಂತ ಹೆಚ್ಚಾಯಿತು. ಫ್ರಾನ್ಸ್‌ನಲ್ಲಿ ಕಾರು ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ ಲೀಟರಿಗೆ 0.5 ಗ್ರಾಂ ಮುಟ್ಟುವಂತಿಲ್ಲ, ಹೊಸದಾಗಿ ಲೈಸೆನ್ಸ್ ಪಡೆದವರಿಗೆ 0.2. ಉಗುಳಿದರೂ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ, ರೈಲೇ ಸರಿ. ಸ್ಟ್ರಾಸ್‌ಬರ್ಗ್‌ನಿಂದ ಸುಮಾರು ಅರ್ಧ ಗಂಟೆ.

ಗ್ಲಾಸನ್ನು ಪ್ರತಿಸಲ ನೀರಿನಲ್ಲಿ ತೊಳೆಯಬೇಡಿ. ಉಳಿದ ಹನಿಗಳು ವೈನನ್ನು ತೆಳುಮಾಡುತ್ತವೆ, ನಲ್ಲಿನೀರಾದರೆ ಕ್ಲೋರಿನ್ ವಾಸನೆಯೂ ಸೇರುತ್ತದೆ. ಮುಂದಿನ ವೈನನ್ನೇ ಒಂದು ಗುಟುಕು ಹಾಕಿಸಿ, ಸುತ್ತಿಸಿ ಚೆಲ್ಲಿ. ಬಿಳಿ ವೈನ್ ಐಸಿನಿಂದ ಆಗಷ್ಟೇ ತೆಗೆದಿದ್ದರೆ ಪರಿಮಳವೇ ಏಳುವುದಿಲ್ಲ. ಎರಡು ನಿಮಿಷ ಅಂಗೈಯಲ್ಲಿ ಹಿಡಿಯಿರಿ, 10 ಡಿಗ್ರಿ ಆಸುಪಾಸು ಸಾಕು. ಸೆಖೆಗೆ ಬೆಚ್ಚಗಾದ ಬಾಟಲಿಯಲ್ಲಿ ಇದಕ್ಕೆ ತಿರುಗುಮುರುಗು: ಆಲ್ಕೋಹಾಲೂ ಸಿಹಿಯೂ ಮುಂದೆ ನುಗ್ಗುತ್ತವೆ. ಅಂಥದ್ದನ್ನು ನೋಡಿ ತೀರ್ಪು ಕೊಡಬೇಡಿ. ನೆನೆದ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ಕೆಟ್ಟಿದೆ ಎಂದರ್ಥ. ಹೇಳಿದರೆ ಇನ್ನೊಂದು ಬಾಟಲಿ ತೆರೆಯುತ್ತಾರೆ. ಆ ದಿನ ಸೆಂಟ್ ಮಾತ್ರ ಹಾಕಿಕೊಳ್ಳಬೇಡಿ, ಪಕ್ಕದವರ ಮೂಗಿಗೂ ತೊಂದರೆ.

ಓಕ್‌ಪೀಪಾಯಿ: ಗ್ರಾಂ ಕ್ರು ಪ್ರಶ್ನೆ ಬಿಟ್ಟುಹೋಯಿತು. ಅದು ತೋಟದ ಜಾಗವನ್ನು ಹೇಳುತ್ತದೆ, ಸಿಹಿಯನ್ನಲ್ಲ. ಅಲ್ಸಾಸ್‌ನಲ್ಲಿ ಅಂಥ 51 ಜಾಗಗಳಿವೆ. 2021ರ ಫಸಲಿನಿಂದ ಬಿಳಿ ವೈನಿನ ಲೇಬಲ್ ಮೇಲೆ ಸಿಹಿಯ ಮಟ್ಟ ಕಡ್ಡಾಯ, ಸಿಹಿಯಿಲ್ಲದ್ದರಿಂದ ಅತಿ ಸಿಹಿಯವರೆಗೆ: ಸೆಕ್, ದೆಮಿ-ಸೆಕ್, ಮ್ವೆಲ್ಲೊ, ದೂ. ಸೆಕ್ ಅಂದರೆ ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂ ಸಕ್ಕರೆಯೊಳಗೆ. ಹುಳಿ ಜಾಸ್ತಿಯಿದ್ದರೆ 9ರವರೆಗೂ ಬಿಡುತ್ತಾರೆ. 45 ದಾಟಿದರೆ ದೂ. ಹಳೆಯ ಬಾಟಲಿಗಳಲ್ಲಿ, ಮುಖ್ಯವಾಗಿ ಪಿನೋ ಗ್ರಿಯಲ್ಲಿ, ಊಹೆ ಕೆಲಸಕ್ಕೆ ಬರುವುದಿಲ್ಲ. ಉಳಿದ ಸಕ್ಕರೆ ಎಷ್ಟು ಗ್ರಾಂ ಎಂದು ಬೆಳೆಗಾರರನ್ನೇ ಕೇಳಿ, ಅಂಕಿಯನ್ನು ವೈನಿನ ಹೆಸರಿನ ಪಕ್ಕದಲ್ಲೇ ಬರೆದುಕೊಳ್ಳಿ.