ಮಗಳ ಮ್ಯಾಕ್‌ಬೆತ್ ಪಾಠಕ್ಕೆ ಸಹಾಯ ಬೇಕು, ರಜೆಗೆ ಹಾಸನಕ್ಕೆ ಬಂದಿದ್ದೇವೆ

ಹಾಸನ–ರೆಡಿಂಗ್

ಎಲ್ಲರಿಗೂ ನಮಸ್ಕಾರ. ನಾವಿರುವ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಬೇಸಿಗೆ ರಜೆ, ಇಲ್ಲಿ ಜಡಿಮಳೆ. ಸಾಲಗಾಮೆ ರಸ್ತೆಯ ಅಮ್ಮನ ಮನೆಯಲ್ಲಿದ್ದೇವೆ. ಮಗಳು ಸೆಪ್ಟೆಂಬರ್‌ನಲ್ಲಿ ಇಯರ್ ಇಲೆವೆನ್‌ಗೆ ಹೋಗುತ್ತಾಳೆ, ಅಂದರೆ ಜಿಸಿಎಸ್‌ಇ ವರ್ಷ, ನಮ್ಮ ಹತ್ತನೇ ತರಗತಿ ಪರೀಕ್ಷೆ ಇದ್ದ ಹಾಗೆ. ಇಂಗ್ಲಿಷ್ ಸಾಹಿತ್ಯದಲ್ಲಿ ಷೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ಇದೆ. ರಜೆಗೆ ಒಂದು ಪ್ರಶ್ನೆ ಕೊಟ್ಟು ಕಳಿಸಿದ್ದಾರೆ: ಮಹತ್ವಾಕಾಂಕ್ಷೆ ಮತ್ತು ಪಾಪಪ್ರಜ್ಞೆ ಪಾತ್ರಗಳ ಮಾತಿನಲ್ಲಿ ಹೇಗೆ ಕಾಣುತ್ತವೆ?

ಅವಳು ಬರೆದದ್ದು ಪೂರ್ತಿ ಕಥೆ. ಮಾಟಗಾತಿಯರು ಬಂದರು, ಮ್ಯಾಕ್‌ಬೆತ್ ರಾಜನನ್ನು ಕೊಂದ, ಅವನ ಹೆಂಡತಿಗೆ ಬುದ್ಧಿ ಕೆಟ್ಟಿತು, ಮುಗಿಯಿತು. ಹಿಂದಿನ ಸಲವೂ ಟೀಚರ್ 'ಕಥೆ ಬೇಡ, ಭಾಷೆ ನೋಡು' ಅಂತ ಬರೆದಿದ್ದರು. 'ಅಮ್ಮಾ, ಭಾಷೆ ನೋಡು ಅಂದ್ರೆ ಏನನ್ನ ನೋಡ್ಬೇಕು?' ಅಂತ ಕೇಳುತ್ತಾಳೆ. ನಾನು ಓದಿದ್ದು ಎಂಜಿನಿಯರಿಂಗ್. ಏನು ಹೇಳಲಿ?

ನಮ್ಮಮ್ಮ ಬೇರೆ, 'ಇಲ್ಲೇ ಇದ್ದಿದ್ರೆ ಅಣ್ಣನ ಮಕ್ಕಳ ಜೊತೆ ಓದ್ಕೊಂಡಿರ್ತಿದ್ಲು' ಅಂತಾರೆ. ಅದೊಂದು ಕೊರಗು ಬೇರೆ. ಮನೆಯಲ್ಲೇ ಹೇಳಿಕೊಡಬಹುದಾ, ಟ್ಯೂಷನ್ ಹಾಕಬೇಕಾ? ಗೊತ್ತಿರುವವರು ತಿಳಿಸಿ.

ಸಕಲೇಶಪುರ–ಸಿಡ್ನಿ

ಟ್ಯೂಷನ್ ಹಾಕಿಬಿಡಿ. ಆನ್‌ಲೈನ್‌ನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅಂದಹಾಗೆ ಮಳೆ ಜಾಸ್ತಿ ಇದೆಯಾ? ಮುಂದಿನ ವಾರ ನಾವು ಮಂಗಳೂರಲ್ಲಿ ಇಳಿದು ಶಿರಾಡಿ ಹತ್ತಿ ಬರಬೇಕು. ರಸ್ತೆ ಹೇಗಿದೆ?

ಅರಸೀಕೆರೆ–ಲೆಸ್ಟರ್

ಅಕ್ಕ, ನಾನು ಇಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಟ್ಯೂಷನ್ ಈಗಲೇ ಬೇಡ. ಎರಡನೇ ಅಂಕದ ಎರಡನೇ ದೃಶ್ಯ ತೆಗೆಯಿರಿ. ಮ್ಯಾಕ್‌ಬೆತ್ ರಾಜ ಡಂಕನ್‌ನನ್ನು ಕೊಂದು ಕೆಳಗಿಳಿದು ಬರುತ್ತಾನೆ. ಆ ಕೊಲೆ ರಂಗದ ಮೇಲೆ ನಡೆಯುವುದೇ ಇಲ್ಲ. ನಮಗೆ ಸಿಗುವುದು ಗಂಡ ಹೆಂಡತಿಯ ಮಾತು ಮಾತ್ರ.

'ನೀನು ಮಾತಾಡಿದ್ಯಾ?' 'ಯಾವಾಗ?' 'ಈಗ.' 'ನಾನು ಇಳಿಯುವಾಗಲಾ?' 'ಹೂಂ.'

ಸ್ವಲ್ಪ ಮುಂಚೆ ಗಾಳಿಯಲ್ಲಿ ಕಠಾರಿ ಕಂಡಾಗ ಪುಟಗಟ್ಟಲೆ ಮಾತಾಡಿದ ಮನುಷ್ಯ ಇವನು. ಈಗ ಒಂದೊಂದೇ ಮಾತು ಬರುತ್ತಿದೆ. ನೀವಿಬ್ಬರೂ ಇದನ್ನು ಪಿಸುದನಿಯಲ್ಲಿ ಓದಿ. ಆಮೇಲೆ ಯಾಕೆ ಇಷ್ಟು ಚಿಕ್ಕ ಚಿಕ್ಕ ಮಾತು ಅಂತ ಮಗಳನ್ನೇ ಕೇಳಿ. ಅವಳು ಹೇಳುವ ಉತ್ತರವೇ 'ಭಾಷೆ ನೋಡುವುದು'.

ಅಲ್ಲಿಂದ ಹಿಂದಕ್ಕೆ, ಮೊದಲನೇ ಅಂಕಕ್ಕೆ ಹೋಗಿ. ರಾಜ ಮನೆಗೆ ಬರುತ್ತಾನೆ ಅಂತ ಗೊತ್ತಾದಾಗ ಲೇಡಿ ಮ್ಯಾಕ್‌ಬೆತ್ 'ಬರುವವರನ್ನು ನೋಡಿಕೊಳ್ಳಬೇಕಲ್ಲ' ಅನ್ನುತ್ತಾಳೆ. ನೆಂಟರು ಬಂದಾಗ ಯಾರಾದರೂ ಆಡುವ ಮಾತು. ಅವಳ ಮನಸ್ಸಿನಲ್ಲಿರುವುದು ಕೊಲೆ. ಗಂಡನೂ ಅಷ್ಟೆ. ಏಳನೇ ದೃಶ್ಯದ ಸ್ವಗತ ಶುರುವಾಗುವುದೇ 'ಅದು ಮಾಡಿದ ಕೂಡಲೇ ಮುಗಿದುಹೋಗುವುದಾದರೆ' ಅಂತ. 'ಅದು' ಅಂದರೆ ಯಾವುದು ಅಂತ ಬಾಯಿಬಿಡಲು ಹಿಂಜರಿಯುತ್ತಾನೆ. ಅದೇ ಮಾತಿನ ಕೊನೆಗೆ ತನ್ನ ಆಸೆಯನ್ನು ಕುದುರೆ ಸವಾರಿಗೆ ಹೋಲಿಸುತ್ತಾನೆ. ಅತಿಯಾಗಿ ಜಿಗಿದು ಆಚೆ ಬದಿಗೆ ಬೀಳುವ ಸವಾರ. ಆಸೆ ಹೇಳಿಕೊಳ್ಳುವಾಗಲೇ ಬೀಳುವುದನ್ನೂ ಹೇಳಿಬಿಟ್ಟ, ಅಲ್ವಾ?

ಆಮೇಲೆ ಐದನೇ ಅಂಕದ ಮೊದಲ ದೃಶ್ಯ. ಕೊಲೆಯಾದ ರಾತ್ರಿ 'ಸ್ವಲ್ಪ ನೀರು ಸಾಕು, ತೊಳೆದುಹೋಗುತ್ತದೆ' ಅಂದವಳು ನಿದ್ದೆಯಲ್ಲಿ ನಡೆಯುತ್ತಾ ಕೈ ಉಜ್ಜುತ್ತಾಳೆ. ಅರೇಬಿಯಾದ ಅಷ್ಟೂ ಸುಗಂಧ ಸುರಿದರೂ ಈ ಪುಟ್ಟ ಕೈಯ ವಾಸನೆ ಹೋಗುವುದಿಲ್ಲ ಅನ್ನುತ್ತಾಳೆ. ಅಲ್ಲಿಯವರೆಗೂ ಪದ್ಯದಲ್ಲಿ ಮಾತಾಡಿದವಳಿಗೆ ಷೇಕ್ಸ್‌ಪಿಯರ್ ಇಲ್ಲಿ ಗದ್ಯ ಕೊಟ್ಟಿದ್ದಾನೆ. ಲಯ ತಪ್ಪಿದೆ, ಒಂದು ಮಾತಿಗೆ ಇನ್ನೊಂದು ಸೇರುತ್ತಿಲ್ಲ. ಮಕ್ಕಳು ಇದನ್ನು ಗಮನಿಸಿ ಬರೆದರೆ ನಮಗೆ ತುಂಬಾ ಖುಷಿ.

ಪರೀಕ್ಷೆಗೆ ಪುಸ್ತಕ ಒಳಗೆ ಬಿಡುವುದಿಲ್ಲ. ಎ.ಕ್ಯೂ.ಎ. ಬೋರ್ಡ್ ಆದರೆ ನಾಟಕದ ಒಂದು ತುಣುಕು ಅಚ್ಚು ಹಾಕಿ ಕೊಡುತ್ತಾರೆ, ಅಲ್ಲಿಂದ ಶುರುಮಾಡಿ ಇಡೀ ನಾಟಕದ ಬಗ್ಗೆ ಬರೆಯಬೇಕು. ಹಾಗಾಗಿ ಉದ್ದುದ್ದ ಸಾಲು ಬಾಯಿಪಾಠ ಬೇಡ, ಮೂರು ನಾಲ್ಕು ಪದದ ತುಣುಕು ಸಾಕು. ನಾಟಕ ಸುಮಾರು 1606ರದ್ದು, ಅಚ್ಚಾಗಿದ್ದು 1623ರಲ್ಲಿ, ಸ್ಕಾಟ್ಲೆಂಡಿನ ಜೇಮ್ಸ್ 1603ರಲ್ಲಿ ಇಂಗ್ಲೆಂಡಿಗೂ ರಾಜನಾಗಿದ್ದ. ಇತಿಹಾಸ ಇಷ್ಟು ಸಾಕು. ಜಾಸ್ತಿ ಬರೆದರೆ ಮತ್ತೆ ಕಥೆಯಾಗುತ್ತದೆ.

ಕಡೂರು–ನ್ಯೂಜೆರ್ಸಿ

ಎಲ್ಲರೂ ಬೇರೆಲ್ಲೋ ನೋಡುತ್ತಿದ್ದೀರಿ. ಮಗುವಿಗೆ ಭಾಷೆ ನೋಡಲು ಬರುವುದಿಲ್ಲ ಅಂದರೆ ಮನೆಯಲ್ಲಿ ಭಾಷೆ ಇಲ್ಲ ಅಂತ ಅರ್ಥ. ಮೊದಲು ಮನೆಯಲ್ಲಿ ಕನ್ನಡ ಮಾತಾಡಿ. ಈ ಗುಂಪಿನಲ್ಲಿ ನಾನು ಇದನ್ನು ಹೇಳುತ್ತಲೇ ಬಂದಿದ್ದೇನೆ, ಕೇಳುವವರಿಲ್ಲ.

ನಮ್ಮ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಜೈಮಿನಿ ಭಾರತ ಬರೆದ. ಅದರಲ್ಲಿ ದುಷ್ಟಬುದ್ಧಿ ಅಂತ ಮಂತ್ರಿ. ರಾಜ್ಯ ತನ್ನ ಮನೆಯಲ್ಲೇ ಉಳಿಯಬೇಕು ಅಂತ ಚಂದ್ರಹಾಸನನ್ನು ಮುಗಿಸಲು ಜನ ಬಿಟ್ಟ. ಗುಡಿಯಲ್ಲಿ ಕತ್ತಿಗೆ ಸಿಕ್ಕಿದ್ದು ಅವನದೇ ಮಗ ಮದನ. ನಮ್ಮ ತಾತ ಅದನ್ನು ಗಮಕದಲ್ಲಿ ವಾಚಿಸುತ್ತಿದ್ದರೆ ವಾರ್ಧಕ ಷಟ್ಪದಿ ಹಜಾರದಲ್ಲಿ ಮೊಳಗುತ್ತಿತ್ತು. ಆಸೆ, ಪಾಪ, ಸಂಕಟ ಎಲ್ಲ ಅದರಲ್ಲಿದೆ. ಅದನ್ನು ಬಿಟ್ಟು ಷೇಕ್ಸ್‌ಪಿಯರ್ ಹಿಂದೆ ಬಿದ್ದಿದ್ದೇವೆ.

ಊಟದ ಹೊತ್ತಿನಲ್ಲಿ ಒಂದೇ ಒಂದು ಇಂಗ್ಲಿಷ್ ಮಾತೂ ಬೇಡ. ಕಟ್ಟುನಿಟ್ಟಾಗಿ. ನನ್ನ ಮಕ್ಕಳಿಬ್ಬರೂ ಹೀಗೇ ಬೆಳೆದರು. ಮಗಳು ಈಗ ಡಾಕ್ಟರು.

ಮೂಡಿಗೆರೆ–ಟೊರಾಂಟೊ

ಕಡೂರು ಸರ್, ನಮ್ಮ ಮನೆಯಲ್ಲೂ ಅದೇ ನಿಯಮ ಇತ್ತು. ಮಗ ಊಟಕ್ಕೆ ಕೆಳಗೆ ಬರುವುದನ್ನೇ ಬಿಟ್ಟ. ತಟ್ಟೆ ರೂಮಿಗೆ ಒಯ್ಯುತ್ತಿದ್ದ.

ಲೆಸ್ಟರ್ ಮೇಡಂ, ಆ ಚಿಕ್ಕ ಮಾತುಗಳ ಬಗ್ಗೆ ಓದಿ ಸುಮ್ಮನೆ ಕೂತುಬಿಟ್ಟೆ. ಅಪ್ಪನ ಕೊನೆಯ ದಿನಗಳಲ್ಲಿ ನಮ್ಮ ಫೋನ್ ಹೀಗೇ ಇರುತ್ತಿತ್ತು. 'ಊಟ ಆಯ್ತಾ?' 'ಆಯ್ತು.' 'ಮಳೆ?' 'ಇದೆ.' 'ತೋಟ?' 'ಪರವಾಗಿಲ್ಲ.' ತೋಟ ಪರವಾಗಿಲ್ಲ ಅನ್ನುವ ಹಾಗೇನೂ ಇರಲಿಲ್ಲ. ಅರೇಬಿಕಾಗೆ ಬಿಳಿ ಕಾಂಡಕೊರಕ ಬಿದ್ದು ಎಷ್ಟೋ ಗಿಡ ಕಿತ್ತು ಸುಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು, ದೊಡ್ಡಪ್ಪನ ಮಗ ಹೇಳಿ ನನಗೂ ಗೊತ್ತಿತ್ತು. ಕೇಳಿದರೆ ನಾನು ವಾಪಸ್ ಬರಬೇಕಾಗುತ್ತಿತ್ತು. ಕೆನಡಾಕ್ಕೆ ಬಂದದ್ದು ಯಾರ ಬಲವಂತಕ್ಕೂ ಅಲ್ಲ, ನನ್ನ ಆಸೆಗೆ.

ಕಡೂರು–ನ್ಯೂಜೆರ್ಸಿ

ಮೂಡಿಗೆರೆಯವರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ತಟ್ಟೆ ರೂಮಿಗೆ ಹೋಗಲು ಬಿಟ್ಟದ್ದೇ ಯಾಕೆ? ನಿಯಮ ಅಂದರೆ ನಿಯಮ. ಕನ್ನಡ ಹೋದರೆ ಆಮೇಲೆ ಮಕ್ಕಳು ಅಜ್ಜಿಯ ಹತ್ತಿರ ಏನು ಮಾತಾಡುತ್ತಾರೆ?

ಕೊಪ್ಪ–ದುಬೈ

ಕಡೂರು ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಷೇಕ್ಸ್‌ಪಿಯರ್ ನಮಗೆ ಹೊರಗಿನವನಲ್ಲ. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಹ್ಯಾಮ್ಲೆಟ್ ನಾಟಕವನ್ನು ಬಿದನೂರಿಗೆ ತಂದು 'ರಕ್ತಾಕ್ಷಿ' ಮಾಡಿದರು. ಡಿವಿಜಿ 1936ರಲ್ಲೇ ಮ್ಯಾಕ್‌ಬೆತ್ ಅನುವಾದ ಮಾಡಿದ್ದಾರೆ. ಅಜ್ಜಿಗೆ ಅದನ್ನು ತಂದುಕೊಡಿ.

ಇನ್ನೊಂದು ಮಾತು. ಮಗಳಿಗೆ ಒಂದು ತಾಳಮದ್ದಳೆ ಕೇಳಿಸಿ. ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿ ಕೂತಲ್ಲೇ ಮಾತಾಡಬೇಕು. ಗದಾಯುದ್ಧ ಪ್ರಸಂಗದಲ್ಲಿ ಕೌರವ ಎಲ್ಲರನ್ನೂ ಕಳೆದುಕೊಂಡ ಮೇಲೂ ಛಲದ ಮಾತೇ ಆಡುತ್ತಾನೆ. ಒಳ್ಳೆಯ ಅರ್ಥಧಾರಿ ಅದೇ ಮಾತಿನಲ್ಲಿ ಅವನ ಅಳುವನ್ನೂ ಕೇಳಿಸುತ್ತಾನೆ. ನಮ್ಮೂರಲ್ಲಿ ಮಳೆಗಾಲದ ರಾತ್ರಿ ಬೆಳಗಾಗುವ ತನಕ ಕೂತು ಕೇಳಿದವರು ನಾವು. ಮಾತಿನ ಒಳಗೆ ಮನುಷ್ಯ ಹೇಗೆ ಕಾಣುತ್ತಾನೆ ಅಂತ ಯಾವ ಟ್ಯೂಷನ್ನೂ ಅಷ್ಟು ಚೆನ್ನಾಗಿ ಹೇಳಿಕೊಡುವುದಿಲ್ಲ.

ಚನ್ನರಾಯಪಟ್ಟಣ, ಲಂಡನ್ನಿಂದ ವಾಪಸ್

ವಾಪಸ್ ಬರುವ ಯೋಚನೆ ಇದ್ದರೆ ಪರೀಕ್ಷೆ ಮುಗಿಸಿಕೊಂಡು ಬನ್ನಿ. ಇಯರ್ ಇಲೆವೆನ್ ಮಧ್ಯೆ ಮಾತ್ರ ಮಗುವನ್ನು ಕಿತ್ತು ತರಬೇಡಿ. ಜಿಸಿಎಸ್‌ಇ ಮುಗಿದರೆ ಇಲ್ಲಿ ಪಿಯುಸಿಗೆ ಪ್ರಯತ್ನಿಸಬಹುದು. ಅದಕ್ಕೆ ತತ್ಸಮಾನ ಪತ್ರ ಏನೇನು ಬೇಕು ಅಂತ ರಜೆಯಲ್ಲಿ ಇರುವಾಗಲೇ ಕಾಲೇಜಿನಲ್ಲಿ ಕೇಳಿಕೊಂಡು ಹೋಗಿ. ಗಣಿತ, ವಿಜ್ಞಾನದ ಪಾಠ ಇಲ್ಲಿ ಬೇರೆ ವೇಗದಲ್ಲಿ ನಡೆಯುತ್ತದೆ, ಮೊದಲ ವರ್ಷ ನಮ್ಮ ಹುಡುಗ ತುಂಬಾ ಒದ್ದಾಡಿದ.

ಶಿರಾಡಿ ಕೇಳಿದವರಿಗೆ: ಹೊರಡುವ ದಿನ ವಿಚಾರಿಸಿಕೊಳ್ಳಿ. ಮಳೆ ಜೋರಾದರೆ ಗುಡ್ಡ ಜರಿಯುತ್ತದೆ.

ಹಾಸನ–ರೆಡಿಂಗ್

ಎಲ್ಲರಿಗೂ ಧನ್ಯವಾದ. ಕಡೂರು ಸರ್, ನಮ್ಮ ಮನೆಯಲ್ಲಿ ಮಾತಾಡುವುದು ಕನ್ನಡವೇ. ನನ್ನ ಪ್ರಶ್ನೆ ಅದಲ್ಲ.

ಲೆಸ್ಟರ್ ಮೇಡಂ ಹೇಳಿದ ದೃಶ್ಯ ನಿನ್ನೆ ರಾತ್ರಿ ಓದಿದೆವು. ಮಗಳು ಇಂಗ್ಲಿಷ್‌ನಲ್ಲಿ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳಿದಳು. ಮ್ಯಾಕ್‌ಬೆತ್‌ನ ಹೆಂಡತಿ ಒಂದು ಕಡೆ, 'ರಾಜ ಮಲಗಿದ್ದಾಗ ನಮ್ಮಪ್ಪನ ಹಾಗೆ ಕಾಣದೇ ಇದ್ದಿದ್ದರೆ ನಾನೇ ಮಾಡಿಬಿಡುತ್ತಿದ್ದೆ' ಅನ್ನುತ್ತಾಳಂತೆ. ಅಮ್ಮ ಥಟ್ಟನೆ, 'ಆ ಹೆಣ್ಣಿಗೆ ಆಗಲೇ ಒಳಗೆ ಹತ್ತಿದೆ, ಬಾಯಲ್ಲಿ ಮಾತ್ರ ಜೋರು' ಅಂದರು. ಮಗಳು ಅದನ್ನು ಹಾಗೇ ಬರೆದುಕೊಂಡಳು. ಇದು ಸರಿಯಾ ಮೇಡಂ? ಹೀಗೆ ಬರೆಯಬಹುದಾ?

ಕಡೂರು–ನ್ಯೂಜೆರ್ಸಿ

ನೋಡಿ, ಅಜ್ಜಿಗೆ ಕನ್ನಡದಲ್ಲಿ ಹೇಳಿದ್ದಕ್ಕೇ ಹೊಳೆದದ್ದು! ನಾನು ಹೇಳಿದ್ದೂ ಅದೇ. ವಾಪಸ್ ಹೋದ ಮೇಲೂ ಬಿಡಬೇಡಿ. ಭಾನುವಾರದ ಕನ್ನಡ ತರಗತಿಗೆ ಹಾಕಿ, ಒಂದು ವಾರವೂ ತಪ್ಪಿಸಬೇಡಿ.

ಸಕಲೇಶಪುರ–ಸಿಡ್ನಿ

ರೆಡಿಂಗ್ ಹತ್ತಿರ ಭಾನುವಾರದ ತರಗತಿ ಎಲ್ಲಿ ನಡೆಯುತ್ತದೆ? ನಮ್ಮ ತಂಗಿಯ ಮಕ್ಕಳಿಗೂ ಬೇಕಿತ್ತು.

ಮೂಡಿಗೆರೆ–ಟೊರಾಂಟೊ

ಕಡೂರು ಸರ್, ನಿಯಮದಿಂದ ಅಲ್ಲ, ಅಜ್ಜಿ ಪಕ್ಕದಲ್ಲಿ ಕೂತಿದ್ದರಿಂದ ಹೊಳೆದದ್ದು. ನಮ್ಮ ಮಕ್ಕಳಿಗೆ ಆ ಅಜ್ಜಿ ತಾತ ಪಕ್ಕದಲ್ಲಿ ಇರಲಿಲ್ಲ.

ಅರಸೀಕೆರೆ–ಲೆಸ್ಟರ್

ಅಕ್ಕ, ಸರಿಯಾಗಿದೆ. ಅಮ್ಮ ಹೇಳಿದ್ದನ್ನೇ ಮಗಳು ತನ್ನ ಇಂಗ್ಲಿಷ್‌ನಲ್ಲಿ ಬರೆಯಲಿ: ಗಟ್ಟಿ ಮಾತಿನ ನಡುವೆ ಅಪ್ಪನ ನೆನಪು ಬಾಯಿತಪ್ಪಿ ಬಂದಿದೆ. ಐದನೇ ಅಂಕದಲ್ಲಿ ನಿದ್ದೆಯಲ್ಲಿ ಆಡುವ 'ಆ ಮುದುಕನ ಮೈಯಲ್ಲಿ ಇಷ್ಟೊಂದು ರಕ್ತ ಇತ್ತೆಂದು ಯಾರಿಗೆ ಗೊತ್ತಿತ್ತು' ಅನ್ನುವ ಮಾತಿನ ಪಕ್ಕ ಅದನ್ನು ಇಡಲಿ. ಅವತ್ತು ಅಪ್ಪನ ಹಾಗೆ ಕಂಡವನೇ ಆ ಮುದುಕ.

ಮುಂದಿನದು ಗಂಡ ಹೆಂಡತಿ ಒಬ್ಬರಿಗೊಬ್ಬರು ಆಡುವ ಮಾತು. ಮೊದಲನೇ ಅಂಕದ ಪತ್ರದಲ್ಲಿ ಅವಳು ಅವನ ದೊಡ್ಡಸ್ತಿಕೆಯಲ್ಲಿ ಪಾಲುಗಾರ್ತಿ. ಎಲ್ಲವನ್ನೂ ಅವಳಿಗೆ ಬರೆದು ತಿಳಿಸುತ್ತಾನೆ. ಮೂರನೇ ಅಂಕದಲ್ಲಿ ಗೆಳೆಯ ಬ್ಯಾಂಕೋನನ್ನು ಕೊಲ್ಲಿಸುವಾಗ, 'ನಿನಗೆ ಗೊತ್ತಾಗುವುದು ಬೇಡ' ಅನ್ನುತ್ತಾನೆ. ಪ್ರೀತಿಯಿಂದಲೇ ಅನ್ನುತ್ತಾನೆ, ಆದರೆ ಹೇಳುವುದಿಲ್ಲ. ಐದನೇ ಅಂಕದಲ್ಲಿ ಅವಳು ಸತ್ತ ಸುದ್ದಿ ಬಂದಾಗ ಅವಳ ಬಗ್ಗೆ ಒಂದೆರಡು ಸಾಲು, ಅಷ್ಟೇ. ಮಾತು ಅಲ್ಲಿಂದ 'ನಾಳೆ, ನಾಳೆ, ನಾಳೆ' ಅನ್ನುವ ಕಡೆಗೆ ಹೋಗಿಬಿಡುತ್ತದೆ. ಈ ಮೂರು ಜಾಗದಿಂದ ಒಂದೊಂದು ತುಣುಕು ತೆಗೆದು ಒಂದು ಪ್ಯಾರಾ ಬರೆಯಲಿ. ಖಾಸಗಿಯಾಗಿ ನನಗೆ ಕಳಿಸಿ, ಭಾನುವಾರ ತಿದ್ದಿ ಕೊಡುತ್ತೇನೆ.